ಮೂರನೆಯ ಕಿಟಕಿಯ ಕಲ್ಲು

ನಮ್ಮೂರ ಓಲಿಂತೊನ ಮೊಣಕಾಲು ಎರಡೂ ಮಡಚುವುದಿಲ್ಲ. ಏಣಿಯೊಂದು ಎದ್ದು ನಡೆದು ಬಂದ ಹಾಗೆ ಬರುತ್ತಾನೆ. ನಲವತ್ತು ವರ್ಷ ಮಂಡಿಯೂರಿ ಕಂಡವರ ಮನೆಯ ನೆಲ ಹಾಸಿದವನು ಅವನು. ಗಾರೆಯ ಮೇಲೆ ಅಮೃತಶಿಲೆಯ ಚೂರು ಚೆಲ್ಲಿ, ಅದುಮಿ, ವಾರಗಟ್ಟಲೆ ಉಜ್ಜಿ, ಅಗಸೆ ಎಣ್ಣೆ ಕುಡಿಸಿ ಮಿಂಚಿಸುವ ಕೆಲಸ. ಇಟಲಿಯ ಈ ಫ್ರಿಯೂಲಿ ಸೀಮೆಯ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಗೊಬ್ಬ ಇಂಥ ಕೆಲಸಗಾರನಿದ್ದ. ನಮ್ಮೂರಲ್ಲಿ ಈಗ ಉಳಿದಿರುವವನು ಇವನೊಬ್ಬನೇ. ಸಂಜೆಯಾದರೆ ನನ್ನ ವೈನಂಗಡಿಯ ಇಸ್ಪೀಟು ಮೇಜೇ ಅವನ ಠಿಕಾಣಿ.

ನಾನು ಬ್ರೂನಾ. ಅಂಗಡಿ ಅಪ್ಪನಿಂದ ಬಂದದ್ದು, ಬಾಯಿ ನನ್ನದೇ. ಆ ಬಾಯಿಂದಾದ ತಪ್ಪೂ ಈ ಕಥೆಯಲ್ಲಿದೆ, ಮುಚ್ಚಿಡುವುದಿಲ್ಲ.

ನೆಲ ಹಾಸುವವರಲ್ಲಿ ಒಂದು ರೂಢಿಯಿತ್ತು. ಎಲ್ಲೇ ಕೆಲಸ ಮಾಡಲಿ, ಊರ ಹೊಳೆಯ ಒಂದು ಕಲ್ಲನ್ನು ಯಜಮಾನನ ಕಣ್ಣು ತಪ್ಪಿಸಿ ನೆಲದಲ್ಲಿ ಸೇರಿಸಿಬಿಡುತ್ತಿದ್ದರು. ಚಿತ್ರ ಬರೆದವನು ಮೂಲೆಯಲ್ಲಿ ಹೆಸರು ಹಾಕಬಹುದು, ನೆಲ ಹಾಸಿದವನಿಗೆ ಆ ಭಾಗ್ಯ ಯಾರು ಕೊಡುತ್ತಾರೆ? ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಓಲಿಂತೊ ವೆನಿಸ್‌ನ ಒಂದು ಅರಮನೆಯಲ್ಲಿ ಏಳು ಕಿಟಕಿಯ ಹಜಾರಕ್ಕೆ ನೆಲ ಹಾಸಿದ್ದನಂತೆ. ಬಾಗಿಲಿನಿಂದ ಮೂರನೆಯ ಕಿಟಕಿ, ಗೋಡೆಯಿಂದ ನಾಲ್ಕು ಗೇಣು, ಅಲ್ಲಿ ಬಿಳಿ ಗೆರೆಯ ಹಸಿರು ಕಲ್ಲು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಈ ಮಾತು ಬರದ ದಿನವೇ ಇರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಗ್ವೆರ್ರೀನೊಗೆ ತಲೆಕೆಟ್ಟಿತು. ಇವನು ಊರ ಹಳೆಯ ಅಂಚೆಯವನು, ಊರಿನವರ ಕಾಗದವನ್ನೆಲ್ಲ ಹಂಚಿ ಹಂಚಿ ಎಲ್ಲ ತನಗೇ ಗೊತ್ತೆಂದು ತಿಳಿದವನು. ಆ ದಿನ ಆಟದಲ್ಲಿ ಬೇರೆ ಸೋತಿದ್ದ.

"ಅರಮನೆ ಅಂತೆ ಅರಮನೆ. ಯಾವುದೋ ಕೋಳಿಗೂಡಿಗೆ ಗಾರೆ ಬಳಿದು ಬಂದು ಐವತ್ತು ವರ್ಷದಿಂದ ಬುರುಡೆ ಬಿಡ್ತಿದ್ದೀಯ. ಆ ಕಲ್ಲು ಅಲ್ಲಿದ್ರೆ ನಾನು ಈ ಬಾಗಿಲಿಂದ ನಿನ್ನ ಮೇಜಿನ ತನಕ ಮಂಡೀಲಿ ಬರ್ತೀನಿ ಕಣೋ."

ಅಂಗಡಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಕೋಳಿಗಳು ಕಿಟಕಿ ಎಣಿಸುತ್ತಿದ್ದವಾ ಎಂದು ಒಂದು ಮಾತು ಸೇರಿಸಿದೆ. ಓಲಿಂತೊ ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟು ಎದ್ದು ಹೋದ. ಆಮೇಲೆ ಒಂಬತ್ತು ದಿನ ಅವನು ಬರಲಿಲ್ಲ.

ಹತ್ತನೆಯ ದಿನ ಬಂದದ್ದು ಅವನ ಹೆಂಡತಿ ಅಸೂಂತಾ. ನಾನು ನಾಲಿಗೆ ಕಚ್ಚಿಕೊಂಡು ನಿಂತೆ.

"ಅವನು ಸರಿಯಾಗಿ ಉಣ್ತಿಲ್ಲ, ಬ್ರೂನಾ," ಅಂದಳು. "ನಾನೇ ಕನಸು ಕಂಡೆನಾ ಅಂತ ನನ್ನನ್ನೇ ಕೇಳ್ತಾನೆ. ಮಗಳು ಮದುವೆಯ ಐವತ್ತನೇ ವರ್ಷಕ್ಕೆ ಅಂತ ಸಮುದ್ರದ ಕಡೆಗೆ ಟಿಕೆಟ್ ತೆಗೆಸಿದ್ಳು. ಅದನ್ನ ವೆನಿಸ್‌ಗೆ ಬದಲಾಯಿಸಿದೀನಿ. ಐವತ್ತು ವರ್ಷ ನಾನು ಸುಳ್ಳುಗಾರನ ಜೊತೆ ಬಾಳಿಲ್ಲ. ಬಾಳಿದ್ರೆ ಅದೂ ಗೊತ್ತಾಗಿಬಿಡಲಿ."

ವೆನಿಸ್ ನಮಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಆದರೂ ಅಸೂಂತಾ ಒಮ್ಮೆಯೂ ಹೋಗಿರಲಿಲ್ಲ. ಕೋಳಿ, ಹಸು, ಅತ್ತೆ, ಮಕ್ಕಳು, ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಆಲೂಗಡ್ಡೆ, ಚೀಸು ಹಾಕಿ ಹುರಿದ ಫ್ರಿಕೊ ಕಟ್ಟಿಕೊಂಡು ಇಬ್ಬರೂ ಹೊರಟರು. ಮುಂದಿನದನ್ನು ಅವಳ ಬಾಯಿಂದ ಏಳೆಂಟು ಸಲವಾದರೂ ಕೇಳಿದ್ದೇನೆ.

ಅಲ್ಲಿ ಹೆಜ್ಜೆಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ಓಲಿಂತೊ ಒಂದೊಂದನ್ನೂ ಅಡ್ಡಡ್ಡ ನಿಂತು ಹತ್ತಿದ. ದೊಡ್ಡ ಇಗರ್ಜಿಯಲ್ಲಿ ಲೋಕದ ಜನವೆಲ್ಲ ಕತ್ತೆತ್ತಿ ಚಿನ್ನದ ಛಾವಣಿ ನೋಡುತ್ತಿದ್ದರೆ ಇವರಿಬ್ಬರೂ ಕತ್ತು ಬಗ್ಗಿಸಿ ನೆಲ ನೋಡಿಕೊಂಡು ಹೊರಬಂದರು. ಕೆಲಸ ಭೇಷ್, ಅಡಿಪಾಯ ಮಾತ್ರ ಸಾಲದು ಎಂದು ಅವನು ತೀರ್ಪು ಕೊಟ್ಟ. ಮೇಲೆ ಚಿನ್ನವಿತ್ತೆಂಬುದು ಅವಳಿಗೆ ಮನೆಗೆ ಬಂದ ಮೇಲೆ ಮಗಳು ಕೇಳಿದಾಗಲೇ ತಿಳಿದದ್ದು.

ಅರಮನೆ ಸಿಕ್ಕಿತು. ಈಗದು ಚಿತ್ರಗಳ ಸಂಗ್ರಹಾಲಯ. ಅಗಲವಾದ ಮೆಟ್ಟಿಲೇರಿ ಇಬ್ಬರೂ ಹಜಾರದ ಬಾಗಿಲಿಗೆ ಬಂದರು. ಏಳು ಕಿಟಕಿ ಇದ್ದವು. ಒಂದು, ಎರಡು, ಮೂರು. ಅಸೂಂತಾ ಮಂಡಿಯೂರಿ ಗೋಡೆಯಿಂದ ಗೇಣು ಹಾಕಿದಳು. ಅಲ್ಲಿ ಬೂದಿ ಬಣ್ಣದ ಚೂರುಗಳೇ ಎಲ್ಲ. ಐದು ಗೇಣು, ಆರು ಗೇಣು ಹುಡುಕಿದಳು. ಹಸಿರಿನ ಸುಳಿವೇ ಇರಲಿಲ್ಲ.

ಕಾವಲಿನ ಹೆಂಗಸು ಬಂದು, ನೆಲ ಮುಟ್ಟಬಾರದು, ಏಳಿ ಎಂದು ಗದರಿದಳು. ಓಲಿಂತೊ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತ. ಗ್ವೆರ್ರೀನೊ ಹೇಳಿದ್ದೇ ಸರಿ, ಊರಿಗೆ ಹೋಗಿ ಒಪ್ಪಿಕೊಂಡುಬಿಡೋಣ ಎಂದ. ಅವನ ಕಣ್ಣಲ್ಲಿ ನೀರಿತ್ತು. ತನ್ನ ತಾಯಿ ಸತ್ತಾಗಲೂ ಅವನು ಅತ್ತವನಲ್ಲ. ಅಸೂಂತಾಳಿಗೆ ಸಿಟ್ಟು ಬಂತು, ಗ್ವೆರ್ರೀನೊ ಮೇಲೆ, ನನ್ನ ಮೇಲೆ, ಆ ನೆಲದ ಮೇಲೆ.

ಸಿಟ್ಟು ಬಂದಾಗ ಅವಳು ಮನೆಯಲ್ಲಿ ನೆಲ ಒರೆಸುತ್ತಾಳೆ. ಅಡುಗೆಮನೆಯ ಒಲೆಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುತ್ತಾಳೆ. ಹಸಿ ನೆಲ ತುಳಿಯಬಾರದಲ್ಲ. ಆ ಯೋಚನೆ ಬಂದದ್ದೇ ಅವಳು ಗಂಡನ ಕಡೆ ತಿರುಗಿದಳು.

"ನೀವು ಕೆಲಸದೋರು ಒಳಗೆ ಬರ್ತಿದ್ದಿದ್ದು ಈ ದೊಡ್ಡ ಮೆಟ್ಟಿಲಲ್ಲೇನು?"

ಅವನು ತಲೆಯೆತ್ತಿದ. ದೊಡ್ಡ ಮೆಟ್ಟಿಲು ಹತ್ತಲು ಅವರನ್ನು ಯಾರು ಬಿಡುತ್ತಿದ್ದರು? ಕಾಲುವೆಯ ಕಡೆ, ಸಾಮಾನು ಇಳಿಸುವ ಕಡೆ ಒಂದು ಕಿರುಮೆಟ್ಟಿಲಿತ್ತು. ನೆಲ ಮುಗಿಸಿಕೊಂಡು ಹಿಂದಕ್ಕೆ ಸರಿಯುತ್ತ ಹೊರಬಿದ್ದದ್ದು ಆ ಬಾಗಿಲಿನಿಂದಲೇ. ಅಸೂಂತಾ ಕಾವಲಿನವಳನ್ನು ಕೇಳಿದಳು. ಹಜಾರದ ಆ ತುದಿಯ ಪರದೆಯ ಹಿಂದೆ ಮುಚ್ಚಿಹಾಕಿದ ಒಂದು ಬಾಗಿಲಿದೆ, ನಿಮಗೆ ಹೇಗೆ ಗೊತ್ತು ಎಂದು ಅವಳು ಬೆರಗಾದಳು.

ಅಸೂಂತಾ ಉತ್ತರ ಕೊಡುತ್ತ ನಿಲ್ಲಲಿಲ್ಲ. ಆ ತುದಿಯಿಂದ ಎಣಿಸಿದಳು. ಮೂರನೆಯ ಕಿಟಕಿಯ ಕೆಳಗೆ ಮತ್ತೆ ಮಂಡಿಯೂರಿದಳು. ಕಾವಲಿನವಳು ಈ ಸಲ ತಡೆಯಲಿಲ್ಲ, ಪಕ್ಕದಲ್ಲೇ ಬಗ್ಗಿದಳು. ನೆಲ ಮಂಕಾಗಿತ್ತು. ಕಲ್ಲಿನ ಬಣ್ಣ ಕಾಣಬೇಕಾದರೆ ಒದ್ದೆ ಮಾಡಬೇಕೆಂದು ನೆಲದವನ ಹೆಂಡತಿಗೆ ಯಾರೂ ಹೇಳಿಕೊಡಬೇಕಿಲ್ಲ. ಕರವಸ್ತ್ರದ ತುದಿಗೆ ಉಗುಳು ಹಚ್ಚಿ ಉಜ್ಜಿದಳು.

ಹಸಿರು ಎದ್ದು ಬಂತು. ನಡುವೆ ಬಿಳಿ ಗೆರೆ.

"ಇದೆ ಕಣೋ. ನಿನ್ನ ಕಲ್ಲು ಇಲ್ಲೇ ಇದೆ."

ಅವನಿಗೆ ಬಗ್ಗಲಾಗದು. ನಿಂತಲ್ಲೇ ಗೋಡೆ ಹಿಡಿದುಕೊಂಡ. ಅವಳು ಇನ್ನಷ್ಟು ಉಜ್ಜಿದಳು. ಹಸಿರು ಕಲ್ಲಿಗೆ ಅಂಟಿಕೊಂಡ ಹಾಗೆ ಇನ್ನೊಂದು ಕಾಣಿಸಿತು, ಕೆಂಪು, ಹುರುಳಿಕಾಳಿಗಿಂತ ತುಸು ದೊಡ್ಡದು. ಆ ಕೆಂಪು ಊರ ಹೊಳೆಯಲ್ಲಿ ಒಂದೇ ಕಡೆ ಸಿಗುತ್ತದೆ, ಅವಳ ತವರಿನ ಹಿಟ್ಟಿನ ಗಿರಣಿಯ ಹಿಂದೆ.

"ಇದು ನಮ್ಮಪ್ಪನ ಗಿರಣಿ ಕಲ್ಲು," ಅಂದಳು. "ನೀನು ಇಲ್ಲಿ ಕೆಲಸ ಮಾಡಿದ್ದು ಮದುವೆಗೆ ಎರಡು ವರ್ಷ ಮುಂಚೆ. ಆಗ ನೀನು ನನ್ನ ಹತ್ರ ಒಂದು ಮಾತೂ ಆಡಿರಲಿಲ್ವಲ್ಲೋ."

ಓಲಿಂತೊನ ಕಿವಿ ಕೆಂಪಾಯಿತು.

"ಆಡೋಕೆ ಧೈರ್ಯ ಇರಲಿಲ್ಲ. ಕಲ್ಲು ಇಟ್ಟೆ."

ಐವತ್ತು ವರ್ಷ ಹಸಿರು ಕಲ್ಲಿನ ಜಂಬ ಕೊಚ್ಚಿದವನು ಕೆಂಪು ಕಲ್ಲಿನ ವಿಷಯ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಅಸೂಂತಾ ಎದ್ದು ಅಷ್ಟು ಜನರ ಮುಂದೆ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನೆಲ ಹಾಸಿದವರು ಇವರೇ ಎಂದು ಕಾವಲಿನವಳು ಗಟ್ಟಿಯಾಗಿ ಹೇಳಿದಾಗ, ಛಾವಣಿಯ ಚಿತ್ರ ನೋಡುತ್ತಿದ್ದ ಪ್ರವಾಸಿಗಳೆಲ್ಲ ಕತ್ತು ಇಳಿಸಿ ನೆಲ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಕಾವಲಿನವಳೇ ತನ್ನ ಫೋನಿನಲ್ಲಿ ಎರಡು ಕಲ್ಲಿನ ಫೋಟೋ ತೆಗೆದು ಇವರ ಮಗಳಿಗೆ ಕಳಿಸಿದಳು.

ಮರುದಿನ ಸಂಜೆ ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಗೆ ಬಂದರು. ಅಸೂಂತಾ ಇಸ್ಪೀಟಿನ ಮೇಜಿಗೆ ಬಂದದ್ದು ಅದೇ ಮೊದಲು. ದೊಡ್ಡದು ಮಾಡಿ ತೆಗೆಸಿದ ಫೋಟೋವನ್ನು ಲೋಟಗಳ ನಡುವೆ ಇಟ್ಟಳು. ನಾನು ನೋಡಿದೆ, ಓಲಿಂತೊನ ಕೈ ಹಿಡಿದು ತಪ್ಪಾಯಿತು ಅಂದೆ. ಅವನು ತಲೆ ಅಲ್ಲಾಡಿಸಿ, ಒಂದು ಲೋಟ ಕೊಡು ಅಂದ.

ಗ್ವೆರ್ರೀನೊ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ. ಅವನ ಬಾಯಿ ದೊಡ್ಡದಾದರೂ ಮಾತಿಗೆ ತಪ್ಪಿದವನಲ್ಲ, ಅದನ್ನು ಒಪ್ಪಬೇಕು. ಎದ್ದು ಬಾಗಿಲಿಗೆ ಹೋಗಿ ಮಂಡಿಯೂರಿದ. ಎಪ್ಪತ್ತೆಂಟರ ಮುದುಕ ನನ್ನ ಕಲ್ಲು ನೆಲದ ಮೇಲೆ ಉಸ್ಸಪ್ಪಾ ಎನ್ನುತ್ತ ತೆವಳತೊಡಗಿದ. ಈ ಸಲ ಯಾರೂ ನಗಲಿಲ್ಲ.

ಅರ್ಧ ದಾರಿಯಲ್ಲಿ ಓಲಿಂತೊ ತನ್ನ ಮಡಚದ ಕಾಲುಗಳ ಮೇಲೆ ಎದ್ದು ನಿಂತು ಕೈ ಚಾಚಿದ.

"ಏಳೋ ಸಾಕು. ಮೊಣಕಾಲು ಹೋದ್ರೆ ವಾಪಸ್ ಬರಲ್ಲ. ನಂಗೊತ್ತು."

ಗ್ವೆರ್ರೀನೊ ಆ ಕೈ ಹಿಡಿಯಲು ಹೋದ. ಅಸೂಂತಾ ಗಂಡನ ಕುರ್ಚಿಯಲ್ಲಿ ತಾನೇ ಕೂತು, ಎಲೆಗಳನ್ನು ಕಲಸತೊಡಗಿದಳು.

"ಇನ್ನು ನಾಲ್ಕೇ ಹೆಜ್ಜೆ," ಅಂದಳು. "ಬರ್ಲಿ ಬಿಡು."