ಏಳೂವರೆ ಧಾರಾವಾಹಿಯ ಬಳೆ

ಆಗ ನನಗೆ ಐವತ್ತೆರಡು ವರ್ಷ. ಹದಿಮೂರು ವರ್ಷದ ಹಿಂದಿನ ಮಾತು. ನಮ್ಮದು ಬಳೆ ಮಾರುವ ಕಸುಬು. ಹದಿನೆಂಟಕ್ಕೆ ಮದುವೆಯಾಗಿ ಬಂದ ತಿಂಗಳಲ್ಲೇ ಗಂಡನ ಹಿಂದೆ ಬೀದಿಗೆ ಇಳಿದೆ. ಅವನು ಬಳೆಯ ಹೊರೆ ಹೊತ್ತು ಮುಂದೆ, ನಾನು ಸೋಪು, ಬಟ್ಟೆ, ಬುತ್ತಿ ಹಿಡಿದು ಹಿಂದೆ. ಬೆಲೆ ಹೇಳುವುದು ಅವನು, ತೊಡಿಸುವುದು ನಾನು. ಮೂರನೇ ಕ್ಲಾಸಿನವರೆಗೆ ಓದಿದ್ದೇನೆ. ಬಸ್ಸಿನ ಬೋರ್ಡು ಓದಲು ಅಷ್ಟು ಸಾಕು.

ನಮ್ಮೂರು ದೊಡ್ಡಗದ್ದವಳ್ಳಿಯ ಪಕ್ಕ. ಊರಲ್ಲಿ ಇರುತ್ತಿದ್ದುದು ವಾರಕ್ಕೆ ಒಂದು ದಿನ, ಬಟ್ಟೆ ಒಗೆಯಲು. ಸೋಮವಾರ ಬೆಳಿಗ್ಗೆ ಹಾಸನದ ಸಗಟು ಅಂಗಡಿಯಲ್ಲಿ ಮಾಲು ತುಂಬಿಕೊಂಡು ಬಸ್ಸು ಹತ್ತಿದರೆ ಒಂದು ವಾರ ಹೊಳೆನರಸೀಪುರ, ಅರಕಲಗೂಡು ಕಡೆ. ಇನ್ನೊಂದು ವಾರ ಚನ್ನರಾಯಪಟ್ಟಣ, ಹಿರೀಸಾವೆ ಕಡೆ. ಹಗಲೆಲ್ಲ ನಡೆಯುವುದು, ಸಂಜೆಯಾದರೆ ಪರಿಚಯದ ಗಿರಾಕಿಯ ಜಗಲಿಯಲ್ಲಿ ಮಲಗುವುದು. ಯಾರ ಮನೆಯ ಜಗಲಿ ಸೋರುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ, ಎಲ್ಲ ನನಗೆ ಗೊತ್ತಿತ್ತು.

ಯಾರ ಮನೆಯಲ್ಲಿ ಟಿ.ವಿ. ಎಲ್ಲಿದೆ ಎನ್ನುವುದೂ ಗೊತ್ತಿತ್ತು. ನನ್ನ ಮನೆಯಲ್ಲಿ ಇರಲಿಲ್ಲ. ನಾನು ನೋಡಿದ್ದೆಲ್ಲ ಬೇರೆಯವರ ಟಿ.ವಿ., ಅದೂ ಹೊಸಿಲ ಹತ್ತಿರ ಕೂತು, ಒಳಗಿನವರ ತಲೆಗಳ ಸಂದಿಯಲ್ಲಿ. ಸಂತೋಷಕ್ಕೆ ನೋಡಿದ್ದಲ್ಲ. ಆಗ ಸಂಜೆ ಏಳೂವರೆಗೆ ಒಂದು ಧಾರಾವಾಹಿ ಬರುತ್ತಿತ್ತು, ಒಂದು ದೊಡ್ಡ ಮನೆಯ ದೊಡ್ಡ ಸೊಸೆಯ ಕಥೆ. ಆ ಸೊಸೆ ಸೋಮವಾರ ಏನು ತೊಟ್ಟುಕೊಂಡಳೋ ಗುರುವಾರದ ಹೊತ್ತಿಗೆ ಹೆಂಗಸರು ಅದನ್ನೇ ಕೇಳುತ್ತಿದ್ದರು. ನಾನು ಇಲ್ಲ ಎಂದರೆ ಚಾಚಿದ ಕೈ ಹಿಂದಕ್ಕೆ ಹೋಗುತ್ತಿತ್ತು. ಹಾಗಾಗಿ ನೋಡಲೇಬೇಕಾಯಿತು. ಅವರೆಲ್ಲ ಅವಳ ಮುಖ ನೋಡುತ್ತಿದ್ದರು, ನಾನು ಮುಂಗೈ ನೋಡುತ್ತಿದ್ದೆ. ಬಣ್ಣ ಯಾವುದು, ಅಂಚಿಗೆ ಮುತ್ತಿದೆಯೋ ಕಲ್ಲಿದೆಯೋ, ಒಂದು ಕೈಗೆ ಎಷ್ಟು. ಅವಳು ಕಣ್ಣೊರೆಸಿಕೊಂಡರೆ ನನಗೆ ಅನುಕೂಲ, ಕೈ ಮೇಲಕ್ಕೆ ಬರುತ್ತಿತ್ತು.

ಹಿರೀಸಾವೆಯ ಹೈವೇ ಹೋಟೆಲಿನಲ್ಲಿ ಒಂದು ಸಂಜೆ ಲಾರಿಯವರು ಕ್ರಿಕೆಟ್ ನೋಡುತ್ತಿದ್ದರು. ಧಾರಾವಾಹಿ ಹಾಕಿ ಎಂದು ಕೇಳಿದೆ.

"ಯಾಕವ್ವಾ, ಅತ್ತೆ ಸೊಸೆ ಜಗಳ ಮನೇಲಿ ಸಾಲ್ದಾ?" ಎಂದ ಒಬ್ಬ.

"ನಿನ್ನೆಂಡ್ರು ಮುಂದಿನ ವಾರ ಯಾವ ಬಳೆ ಬೇಕು ಅಂತ ನಿನ್ನ ಜೀವ ತಿಂತಾಳೋ ನೋಡ್ಬೇಕು, ಹಾಕಪ್ಪ," ಎಂದೆ.

ನಕ್ಕು ಹಾಕಿದರು. ಕೈ ಕಂಡ ಕೂಡಲೇ ಸಾಕು ಎಂದು ಎದ್ದು ಬಂದೆ. ಕರೆಂಟು ಹೋದ ಊರುಗಳಲ್ಲಿ ಹೆಂಗಸರು ನಿನ್ನೆ ಏನಾಯಿತು ಎಂದು ನನ್ನನ್ನು ಸುತ್ತಿಕೊಳ್ಳುತ್ತಿದ್ದರು. ಮೆರೂನ್ ಬಳೆ, ನಡುವೆ ಚಿನ್ನದ ಗೀರು ಎನ್ನುತ್ತಿದ್ದೆ. ಅದಲ್ಲ, ಗಂಡ ವಾಪಸು ಬಂದನೋ ಇಲ್ಲವೋ ಹೇಳು ಎಂದು ಬೈಯುತ್ತಿದ್ದರು. ಗಂಡನನ್ನು ನಾನು ನೋಡಿರಲಿಲ್ಲ.

ನನ್ನ ಗಂಡ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅದು ನಮ್ಮೂರಿಗೆ ಗೊತ್ತು, ದಾರಿಯ ಮೇಲೆ ಯಾರಿಗೂ ಗೊತ್ತಿಲ್ಲ. ನಾನು ಹೇಳಲಿಲ್ಲ. ಹೇಳಿದ್ದರೆ ಕಸುಬು ಅಂದೇ ನಿಂತುಹೋಗುತ್ತಿತ್ತು. ಬರಿಗೈ ಹೆಂಗಸಿನಿಂದ ಯಾರೂ ಬಳೆ ತೊಡಿಸಿಕೊಳ್ಳುವುದಿಲ್ಲ, ಮದುಮಗಳಂತೂ ಇಲ್ಲ, ಬಸುರಿಯಂತೂ ಇಲ್ಲವೇ ಇಲ್ಲ. ನಮಗೆ ನಾಲ್ಕು ಕಾಸು ಬರುತ್ತಿದ್ದುದೇ ಮದುವೆ ಮನೆಗಳಿಂದ, ಬಸುರಿಗೆ ಬಳೆ ತೊಡಿಸುವ ಶಾಸ್ತ್ರಗಳಿಂದ. ಅದಕ್ಕೆ ಹಾಸನದ ಬಸ್ ನಿಲ್ದಾಣದ ಪಾಯಿಖಾನೆಯಲ್ಲಿ ನಿಂತು ಕೈತುಂಬ ಹಸಿರು ಬಳೆ ತೊಟ್ಟುಕೊಂಡು, ಹಣೆಗಿಟ್ಟುಕೊಂಡು ಹೊರಡುತ್ತಿದ್ದೆ. ಊರಿಗೆ ಮರಳುವಾಗ ಅಲ್ಲೇ ತೆಗೆಯುತ್ತಿದ್ದೆ.

ಗಂಡ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಮೊದಲ ವರ್ಷ ಮಂಡಿನೋವು ಎಂದೆ. ಎರಡನೇ ವರ್ಷ ಕಣ್ಣಿನ ಆಪರೇಷನ್ ಮಾಡಿಸಿದೆ. ಆಮೇಲೆ ಮತ್ತೆ ಮಂಡಿಗೇ ಬಂದೆ. ಬದುಕಿದ್ದಾಗ ಒಂದು ದಿನವೂ ಹುಷಾರು ತಪ್ಪದವನಿಗೆ ಸತ್ತ ಮೇಲೆ ಇಷ್ಟೆಲ್ಲ ಕಾಯಿಲೆ. ಪಾಪ ಅನ್ನಿಸಲಿಲ್ಲ. ಬೀದಿಯಲ್ಲಿ ಹೊಡೆದದ್ದೂ ಉಂಟು ಅವನು.

ಮಲ್ಲಿಪಟ್ಟಣದಲ್ಲಿ ನನಗೆ ಒಂದು ಮನೆಯಿತ್ತು. ಆ ಮನೆಯಾಕೆ ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಅವಳ ಮದುವೆಗೆ ಬಳೆ ತೊಡಿಸಿದ್ದು ನಾನೇ. ಅಲ್ಲಿ ಜಗಲಿಯಲ್ಲಲ್ಲ, ನಡುಮನೆಯಲ್ಲೇ ಮಲಗುತ್ತಿದ್ದೆ. ಒಂದೇ ಚಾಪೆಯಲ್ಲಿ ಕೂತು ಧಾರಾವಾಹಿ ನೋಡುತ್ತಿದ್ದೆವು, ಅವಳು ಹುರಿಗಡಲೆ ತಂದು ನನ್ನ ಮಡಿಲಿಗೆ ಸುರಿಯುತ್ತಿದ್ದಳು. ಅವಳ ಅತ್ತೆ ಗೋಡೆಗೆ ಒರಗಿ ಕೂರುತ್ತಿದ್ದಳು. ಗಂಡ ಸತ್ತು ಮೂವತ್ತು ವರ್ಷವಾದ ಮುದುಕಿ, ಮಾತು ಕಡಿಮೆ, ಕಿವಿ ಚುರುಕು.

ಆ ಸಲ ಮನೆಯಾಕೆಯ ಮಗಳು ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಮಾರನೆಯ ಬೆಳಿಗ್ಗೆ ಬಳೆ ಶಾಸ್ತ್ರ. ನೀನೇ ಬಂದು ತೊಡಿಸಬೇಕು, ನನ್ನ ಮಗಳಿಗೂ ನಿನ್ನ ಕೈಯೇ ಆಗಬೇಕು ಎಂದು ತಿಂಗಳ ಮುಂಚೆಯೇ ಹೇಳಿದ್ದಳು. ಶಾಸ್ತ್ರಕ್ಕೆ ಹಸಿರು ಗಾಜಿನ ಬಳೆ. ಅದಲ್ಲದೆ ಮಗಳಿಗೂ ಬರುವ ಹೆಂಗಸರಿಗೂ ಧಾರಾವಾಹಿಯ ದೊಡ್ಡ ಸೊಸೆಯ ಬಳೆ ಬೇಕಂತೆ. ಹಾಸನದಲ್ಲಿ ಅಂಗಡಿಯವನ ಹತ್ತಿರ ಜಗಳವಾಡಿ ಆರು ಡಬ್ಬ ಅದನ್ನೇ ತಂದಿದ್ದೆ. ಮಧ್ಯಾಹ್ನ ಬಂದವಳೇ ಮನೆಯಾಕೆಗೆ ಒಂದು ಡಜನ್ ತೊಡಿಸಿದೆ. ಅವಳ ಕೈ ದಪ್ಪ, ಹೆಬ್ಬೆರಳ ಗೆಣ್ಣು ಬಲು ಮೊಂಡು. ಮಾತಾಡಿಸುತ್ತ ಮುಖ ಆ ಕಡೆ ತಿರುಗಿಸಿ ಗೆಣ್ಣು ಮಡಿಚಿದರೆ ಜಾರುತ್ತದೆ. ಒಂದೂ ಒಡೆಯಲಿಲ್ಲ. ಮಗಳ ಕೈ ಹಿಡಿದು ಅಳತೆಯನ್ನೂ ನೋಡಿಕೊಂಡೆ.

ಏಳೂವರೆಗೆ ಎಲ್ಲರೂ ಕೂತೆವು. ಶಾಸ್ತ್ರಕ್ಕೆ ಬಂದಿದ್ದ ನೆಂಟರ ಹೆಂಗಸರು ನಾಲ್ಕು ಜನ ಇದ್ದರು. ಮನೆಯಾಕೆಯ ಗಂಡ ಒಳಗೆ ಉಣ್ಣುತ್ತಿದ್ದ. ಬಸುರಿಯ ತೊಡೆಯ ಮೇಲೆ ನನ್ನ ಬಳೆಯ ಡಬ್ಬ ಇತ್ತು, ತೆಗೆದು ತೆಗೆದು ಟಿ.ವಿ.ಗೆ ಹೋಲಿಸಿ ನೋಡಬೇಕೆಂದು ಇಟ್ಟುಕೊಂಡಿದ್ದಳು.

ಟಿ.ವಿ.ಯಲ್ಲಿ ಅವತ್ತು ಆ ದೊಡ್ಡ ಸೊಸೆಯ ಗಂಡನ ಹೆಣ ಬಂತು. ಕಾರು ಅಪಘಾತವಂತೆ. ಯಾರೋ ಒಬ್ಬಳು ಗಯ್ಯಾಳಿ ಅತ್ತೆ ಅವಳ ಕೈ ಹಿಡಿದು ಕಲ್ಲಿನ ಮೇಲೆ ಬಡಿದು ಬಳೆ ಒಡೆದಳು. ಒಂದು ಸಲ ಒಡೆದದ್ದನ್ನು ಮೂರು ಸಲ ತೋರಿಸಿದರು, ಗುಡುಗಿನ ಸದ್ದು ಹಾಕಿ. ಚೂರು ಹಾರಿತು, ರಕ್ತ ಬಂತು. ನಡುಮನೆಯಲ್ಲಿ ಎಲ್ಲರೂ ಸೆರಗು ಕಣ್ಣಿಗೆ ಒತ್ತಿಕೊಂಡರು. ಮನೆಯಾಕೆ ಬಿಕ್ಕಿ ಬಿಕ್ಕಿ ಅತ್ತಳು.

ಜಾಹೀರಾತು ಬಂದಾಗ ಬಸುರಿ ತನ್ನ ತೊಡೆಯ ಮೇಲಿನ ಡಬ್ಬ ನೋಡಿದಳು. ಅದೇ ಬಣ್ಣ, ಅದೇ ಗೀರು. ಹಾವು ಬಿದ್ದಂತೆ ಕೆಳಗೆ ಸರಿಸಿದಳು.

"ಅವ್ವಾ, ಈ ಬಳೆ ನಂಗ್ಬ್ಯಾಡ," ಎಂದಳು.

ತಾಯಿಯೂ ಅದೇ ಹೇಳಿದಳು, ಇದು ಮುಂಡೆ ಬಳೆಯಾಯಿತಲ್ಲ, ತೆಗೆದು ಹೊರಗಿಡು ಎಂದು. ನೆಂಟರೂ ತಲೆಯಾಡಿಸಿದರು. ಇವರು ಬೇಡವೆಂದರೆ ನಾಳೆ ಅರಕಲಗೂಡಲ್ಲೂ ಬೇಡ, ನಾಳಿದ್ದು ಹೊಳೆನರಸೀಪುರದಲ್ಲೂ ಬೇಡ. ಎಲ್ಲರೂ ನೋಡುವುದು ಅದೇ ಧಾರಾವಾಹಿ. ಆರು ಡಬ್ಬ. ಮಾಲು ಉಳಿಸಿಕೊಳ್ಳಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಟಿ.ವಿ.ಯವರದೆಲ್ಲ ಸುಳ್ಳು, ಅದನ್ನು ನಂಬಿ ಒಳ್ಳೆಯ ಬಳೆ ಬಿಡುತ್ತೀರಾ ಎಂದು ಶುರುಮಾಡಿದೆ. ಬಾಯಿ ನಿಲ್ಲಲಿಲ್ಲ.

"ಕಲ್ಲಲ್ಲಿ ಯಾರವ್ವ ಒಡೀತಾರೆ? ಅಂಗೆಲ್ಲ ಮಾಡಾಕಿಲ್ಲ. ಕೈಗೆ ಅಳ್ಳೆಣ್ಣೆ ಸವರ್ತಾರೆ. ಎಡಗೈದು ಮೊದ್ಲು, ಒಂದೊಂದಾಗಿ ಜಾರಿಸ್ತಾರೆ. ಹಾಲಿನ ಬಟ್ಲೊಳಕ್ಕೆ ಬಿಡ್ತಾರೆ, ಸದ್ದು ಬರಬಾರ್ದು ಅಂತ."

ಗೋಡೆಗೆ ಒರಗಿದ್ದ ಮುದುಕಿ ನನ್ನ ಕಡೆ ತಿರುಗಿದಳು.

"ಅದುನ್ನ ನೀನ್ಯಾವಾಗ ನೋಡ್ದೆ?"

ಅಷ್ಟೇ ಕೇಳಿದ್ದು. ನಮ್ಮ ಕಡೆ ಆ ಕೆಲಸ ನಡೆಯುವುದು ಬೆಳಕು ಹರಿಯುವ ಮುಂಚೆ, ಬಚ್ಚಲಲ್ಲಿ, ಬಾಗಿಲು ಹಾಕಿಕೊಂಡು. ಮಾಡುವವರೂ ಗಂಡ ಸತ್ತವರೇ, ಮಾಡಿಸಿಕೊಳ್ಳುವವಳೂ ಗಂಡ ಸತ್ತವಳೇ. ಗಂಡನಿರುವ ಹೆಂಗಸಿನ ನೆರಳೂ ಅಲ್ಲಿ ಬೀಳಬಾರದು. ನನ್ನ ತಾಯಿಯ ಬಳೆ ತೆಗೆದ ದಿನ ನನ್ನನ್ನು ಪಕ್ಕದ ಮನೆಗೆ ಅಟ್ಟಿದ್ದರು. ಅಲ್ಲಿ ಏನಾಯಿತೆಂದು ಆಮೇಲೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಣ್ಣೆ, ಹಾಲು, ಎಡಗೈ ಇವೆಲ್ಲ ಗೊತ್ತಾಗಬೇಕಾದರೆ ಅಲ್ಲಿ ಕೂತು ಕೈ ಕೊಟ್ಟಿರಬೇಕು.

ಯಾರೋ ಹೇಳಿದರು ಎಂದೆ. ಯಾರೂ ಹೇಳುವುದಿಲ್ಲ ಎಂದಳು ಮುದುಕಿ. ಆಮೇಲೆ ಕೇಳಿದಳು:

"ನಿನ್ನ ಗಂಡನ ಮಂಡಿನೋವು ಎಂಗೈತೆ?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ನಾಲ್ಕು ವರ್ಷ ಹೇಳಿದವಳಿಗೆ ಅದೇನು ಕಷ್ಟ. ಆ ಹೊತ್ತಿಗೆ ಸಾಕಾಗಿತ್ತು.

"ಸತ್ತು ನಾಕು ವರ್ಷ ಆಯ್ತು ಕಣವ್ವ," ಎಂದೆ.

ಧಾರಾವಾಹಿ ಮತ್ತೆ ಶುರುವಾಯಿತು, ಯಾರೂ ನೋಡಲಿಲ್ಲ. ಬಸುರಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನೆಂಟರಲ್ಲಿ ಒಬ್ಬಳು ಚಾಪೆಯಿಂದ ಎದ್ದು ಆ ಕಡೆ ಹೋಗಿ ಕೂತಳು. ಮನೆಯಾಕೆ ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಗಾಜಿನ ಸದ್ದು ಬಂತು. ಮಧ್ಯಾಹ್ನ ನಾನು ತೊಡಿಸಿದ ಒಂದು ಡಜನ್ನನ್ನು ತೆಗೆಯುತ್ತಿದ್ದಳು. ಕೈ ದಪ್ಪ, ತೆಗೆಯಲು ಬರುವುದಿಲ್ಲ ಅವಳಿಗೆ. ಎರಡು ಒಡೆದವು, ಕೇಳಿಸಿತು. ಹೊರಗೆ ಬಂದಾಗ ಅವಳ ಕೆನ್ನೆಯ ಮೇಲೆ ಟಿ.ವಿ.ಯವಳಿಗಾಗಿ ಅತ್ತ ನೀರು ಇನ್ನೂ ಆರಿರಲಿಲ್ಲ.

ನನಗೆ ಅನ್ನವನ್ನು ಜಗಲಿಗೆ ತಂದುಕೊಟ್ಟಳು, ಎಲೆಯಲ್ಲಿ. ಅದುವರೆಗೆ ಅವರ ತಟ್ಟೆಯಲ್ಲೇ ಉಂಡವಳು ನಾನು. ಅಲ್ಲೇ ನಿಂತು, ನನಗೇನೂ ಇಲ್ಲ, ಮಗಳ ಹೊಟ್ಟೆಯ ಪ್ರಶ್ನೆ, ಗಂಡಿನ ಕಡೆಯವರು ಏನಂದಾರು ಎಂದಳು. ಹಸಿರು ಬಳೆ ಕೊಟ್ಟು ಹೋಗು, ನಾವೇ ತೊಡಿಸಿಕೊಳ್ಳುತ್ತೇವೆ ಎಂದಳು. ಆಮೇಲೆ ಅದೂ ಬೇಡ, ಅರಕಲಗೂಡಿನಿಂದ ಬೇರೆ ತರಿಸುತ್ತೇವೆ ಎಂದಳು.

"ನಾಕು ವರ್ಷ ನನ್ನ ಕೈಲೇ ತೊಟ್ಕಂಡ್ಯಲ್ಲ, ನಿನ್ನ ಗಂಡ ಸತ್ತೋದ್ನಾ? ಒಳಗೆ ಉಣ್ತಾ ಕುಂತವ್ನಲ್ಲ," ಎಂದೆ.

"ಬುಡ್ತು ಅನ್ನು," ಎಂದಳು. "ಬುಡ್ತು ಅನ್ನು ಮೊದ್ಲು."

ನಾನು ಅನ್ನಲಿಲ್ಲ. ಅನ್ನ ಉಂಡೆ. ಹಸಿವಾಗಿತ್ತು, ಸಾರು ಚೆನ್ನಾಗಿತ್ತು.

ಮುದುಕಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾರನೆಯ ದಿನದ ಶಾಸ್ತ್ರಕ್ಕೆ ಅವಳೂ ಬರುವಂತಿರಲಿಲ್ಲ, ಸ್ವಂತ ಮೊಮ್ಮಗಳಾದರೂ ಒಳಕೋಣೆಯಲ್ಲೇ ಕೂರಬೇಕಿತ್ತು. ಗೊತ್ತಾದದ್ದನ್ನು ಅವಳು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಮೂವತ್ತು ವರ್ಷ ಒಬ್ಬಳೇ ಕೂತು ಬೇಜಾರಾಗಿತ್ತೋ ಏನೋ, ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಮನೆಯ ನೆಂಟರು ನಾಲ್ಕು ತಾಲ್ಲೂಕಿನಲ್ಲೂ ಇದ್ದರು. ತಿಂಗಳೊಪ್ಪತ್ತಿನಲ್ಲಿ ಚನ್ನರಾಯಪಟ್ಟಣದ ಗಿರಾಕಿಗಳೂ ಬಾಗಿಲಲ್ಲೇ ನಿಲ್ಲಿಸಿ, ಈ ಸಲ ಬೇಡ ಎನ್ನತೊಡಗಿದರು.

ಆ ದೊಡ್ಡ ಸೊಸೆಗೆ ಆರು ತಿಂಗಳಲ್ಲಿ ಟಿ.ವಿ.ಯವರು ಇನ್ನೊಂದು ಮದುವೆ ಮಾಡಿಸಿದರಂತೆ. ಊರೂರಲ್ಲಿ ಹೆಂಗಸರು ಅದನ್ನು ನೋಡಿ ಸಂತೋಷಪಟ್ಟರಂತೆ, ಪಾಪ ಎಷ್ಟು ಚಿಕ್ಕ ವಯಸ್ಸು, ಒಳ್ಳೆಯದಾಯಿತು ಎಂದು. ಮದುವೆಯಲ್ಲಿ ಯಾವ ಬಳೆ ತೊಟ್ಟಿದ್ದಳೋ ನನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಾನು ನೋಡುವುದು ಬಿಟ್ಟಿದ್ದೆ, ನೋಡಲು ಹೊಸಿಲೂ ಉಳಿದಿರಲಿಲ್ಲ.

ಮಲ್ಲಿಪಟ್ಟಣದಲ್ಲಿ ಆ ರಾತ್ರಿ ಜಗಲಿಯ ಮೇಲೆ ಮಲಗಿದೆ. ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆಯುವ ಮೊದಲು ಎದ್ದು ಮೊದಲ ಬಸ್ಸಿಗೆ ಅರಕಲಗೂಡಿಗೆ, ಅಲ್ಲಿಂದ ಹೊಳೆನರಸೀಪುರಕ್ಕೆ ಹೋದೆ. ಬಸ್ ನಿಲ್ದಾಣದ ಹೊರಗೆ ಬಾಳೆಹಣ್ಣಿನ ಗಾಡಿಯ ಪಕ್ಕ ಗೋಣಿಚೀಲ ಹಾಸಿ ಡಬ್ಬಗಳನ್ನೆಲ್ಲ ಬಿಚ್ಚಿಟ್ಟೆ. ಕಂಕುಳಲ್ಲಿ ಮಗು ಇದ್ದ ಹೆಂಗಸೊಬ್ಬಳು ಬಂದು ಕೂತು, ಒಂದು ಜೊತೆ ಆರಿಸಿ, ಅಭ್ಯಾಸದಂತೆ ನನ್ನ ಮುಂದೆ ಕೈ ಚಾಚಿದಳು.

"ಮಗೀನ ಕೆಳಗಿಳ್ಸಿ ನೀನೇ ತೊಟ್ಕ," ಎಂದೆ.