ಮಣ್ಣೆತ್ತಿನ ಎರಡನೆಯ ಕಣ್ಣು

ನನ್ನ ತಮ್ಮ ಮಾಡಿದ ಮಣ್ಣೆತ್ತುಗಳಿಗೆ ಎರಡನೆಯ ಕಣ್ಣು ಹಚ್ಚಿದವಳು ನಾನೇ. ಆ ಮಾತನ್ನು ಅವನಿಗೆ ಹದಿನೈದು ವರ್ಷ ಹೇಳಲಿಲ್ಲ. ಬರೀ ಹೇಳದೆ ಉಳಿದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಅವನು ಬಾಯಿ ಬಿಟ್ಟು ಕೇಳಿದಾಗ ನಾನು ಆಯಿಯ ಹೆಸರು ಹೇಳಿದೆ. ಆಯಿ ಅಂದರೆ ನಮ್ಮ ಅಪ್ಪನ ತಾಯಿ.

ನಮ್ಮ ಮನೆ ತಿಕೋಟಾದಲ್ಲಿ, ಹೊಲ ಘೋಣಸಗಿಯ ಹಾದಿಯಲ್ಲಿ. ತಮ್ಮನಿಗೆ ಐದು ತುಂಬಿದ ವರ್ಷ ಅವನ ಎಡಗಣ್ಣು ಚಿಮಣಿ ದೀಪದ ಬೆಳಕಿಗೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯತೊಡಗಿತು. ಮೊದಮೊದಲು ನಾವೆಲ್ಲ ಅದನ್ನು ನೋಡಿ ನಕ್ಕವರೇ. ಆಮೇಲೆ ಕಣ್ಣು ಕೆಂಪಾಗಿ ಊದಿತು. ಈಗ ವಿಜಯಪುರ ಅನ್ನುವ ಊರಿಗೆ ಆಗ ಬಿಜಾಪುರ ಅನ್ನುತ್ತಿದ್ದೆವು. ಅಲ್ಲಿಯ ದವಾಖಾನೆಗೆ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ಕಣ್ಣಿನೊಳಗೆ ಕ್ಯಾನ್ಸರ್ ಗಡ್ಡೆ ಇದೆ, ಕಣ್ಣು ತೆಗೆಯದಿದ್ದರೆ ಹುಡುಗ ಉಳಿಯುವುದಿಲ್ಲ ಎಂದರು ಡಾಕ್ಟರ್‌ಬಾಯಿ. ತೆಗೆದರು. ಅವ್ವನ ಮಡಿಲಲ್ಲಿ ಹಸುಗೂಸು ಇತ್ತು. ಹಾಗಾಗಿ ಅವನ ಹತ್ತಿರ ಇರಲು ನನ್ನನ್ನು ಬಿಟ್ಟರು. ನನಗೆ ಆಗ ಹದಿಮೂರು. ಎರಡನೆಯ ತರಗತಿಗೇ ಸಾಲಿ ಬಿಟ್ಟಿದ್ದೆ. ರೊಟ್ಟಿ ಬಡಿಯುವುದು, ಕೂಸು ಆಡಿಸುವುದು ಬಿಟ್ಟರೆ ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಪಟ್ಟಿ ಕಟ್ಟಿದ ಮೇಲೆ ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಾತಿಲ್ಲ, ಊಟವೂ ಅಷ್ಟಕ್ಕಷ್ಟೇ. ಪಕ್ಕದ ಕಾಟಿನ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು, ಮೊಣಕಾಲಿನ ಮೇಲೆ ಗಡ್ಡೆ. ಅವಳನ್ನು ನೋಡಲು ಅವಳ ಅಜ್ಜ ದಿನಾ ಮಧ್ಯಾಹ್ನ ಬರುತ್ತಿದ್ದ. ಸೊಲ್ಲಾಪುರ ರಸ್ತೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಅವನ ಅಂಗಿಯ ಮೇಲಿನ ಬಣ್ಣ ನೋಡಿದರೆ ಆ ವಾರ ಯಾವ ಅಂಗಡಿಯ ಬೋರ್ಡು ಬರೆದನೆಂದು ಹೇಳಬಹುದಿತ್ತು. ವಾರ್ಡಿನವರೆಲ್ಲ ಅವನನ್ನು ಚಾಚಾ ಅನ್ನುತ್ತಿದ್ದರು.

ನಾಲ್ಕನೆಯ ದಿನವೋ ಐದನೆಯ ದಿನವೋ ಚಾಚಾ ತಮ್ಮನ ಕಾಟಿನ ತುದಿಗೆ ಬಂದು ಕುಳಿತ.

"ಏನಪಾ ಸರದಾರ, ಗ್ವಾಡಿ ಜೋಡಿ ಏನ ಮಾತಾಡಾಕತ್ತಿ?"

ಚಾಚಾ ಕಿಸೆಯಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಉದ್ದ ಗೆರೆ ಎಳೆದ. ಆಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿ ಅದನ್ನು ನೋಡಿದ.

"ಇಲ್ಲಿ ನೋಡು. ಗೆರಿ ನೆಟ್ಟಗ ಐತೋ ಇಲ್ಲೋ ತಿಳೀಬೇಕಂದ್ರ ಪೇಂಟರ್ ಮಂದಿ ಒಂದು ಕಣ್ಣು ಮುಚ್ಚಲೇಬೇಕು. ಎರಡೂ ತಗದ್ರ ಗೆರಿ ಸೊಟ್ಟ ಕಾಣತೈತಿ. ದಿನಾ ಮುಚ್ಚಿ ಮುಚ್ಚಿ ನನ್ನ ರೆಪ್ಪಿ ಸವದೈತಿ. ನಿನಗ ಆ ತ್ರಾಸ ಇಲ್ಲ ಬೇಟಾ, ತಯಾರಾಗೇ ಬಂದೀದಿ."

"ಸುಳ್ಳ," ಎಂದ ತಮ್ಮ, ಗೋಡೆಯ ಕಡೆಯಿಂದಲೇ.

"ಸುಳ್ಳಂದ್ರ ನಿಮ್ಮ ಅಕ್ಕನ್ನ ಕೇಳು."

"ಆಕಿಗೇನ ತಿಳಿತೈತಿ? ಆಕಿ ಎರಡನೇತ್ತಿ ನಪಾಸ."

ಪಕ್ಕದ ಕಾಟಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಪಾಸಾಗಿರಲಿಲ್ಲ, ಸಾಲಿ ಬಿಡಿಸಿದ್ದರು. ಆದರೆ ಅವನು ಮಾತಾಡಿದನಲ್ಲ ಎಂಬ ಹಿಗ್ಗಿನಲ್ಲಿ ನಪಾಸೆಂದೇ ಒಪ್ಪಿಕೊಂಡೆ. ತಮ್ಮ ಎದ್ದು ಕುಳಿತು ಗೆರೆ ನೋಡಿದ. "ಆ ತುದಿಗೆ ಸೊಟ್ಟ ಐತಿ," ಎಂದ. ಚಾಚಾ ಮತ್ತೆ ಬಗ್ಗಿ ನೋಡಿದ. ಹೌದು, ಸೊಟ್ಟ ಇತ್ತು. ಸೀಮೆಸುಣ್ಣ ಅವನ ಕೈಗೆ ಕೊಟ್ಟುಬಿಟ್ಟ.

ಅಂದಿನಿಂದ ವಾರ್ಡಿನ ಕಳೆಯೇ ಬೇರೆ ಆಯಿತು. ಚಾಚಾ ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಅರಿಸಿನ, ಮಸಿ ಎಲ್ಲವನ್ನೂ ಪೊಟ್ಟಣ ಕಟ್ಟಿ ತರುತ್ತಿದ್ದ. ಹಳೆಯ ಕ್ಯಾಲೆಂಡರಿನ ಬೆನ್ನೇ ಕಾಗದ. ಸವೆದ ಬ್ರಶ್ಶುಗಳನ್ನು ಕತ್ತರಿಸಿ ಮಕ್ಕಳ ಕೈಗೆ ಹೊಂದುವಂತೆ ಗಿಡ್ಡ ಮಾಡಿದ್ದ. ಬಬಲೇಶ್ವರದಿಂದ ಬಂದ ಒಬ್ಬ ಹುಡುಗನಿಗೆ ಕುತ್ತಿಗೆ ತುಂಬ ಗಂಟು. ಅವನು ತನ್ನ ಗಂಟುಗಳನ್ನೇ ಬದನೆಕಾಯಿ ಎಂದು ಬರೆದು, ಅದಕ್ಕೊಂದು ಮುಳ್ಳಿನ ತೊಟ್ಟೂ ಇಟ್ಟು, "ಎಣಗಾಯಿ ಮಾಡ್ರಿ" ಎಂದು ದವಾಖಾನೆಯ ಅಡುಗೆಯವಳಿಗೆ ಕೊಟ್ಟ. ಇದಕ್ಕೆಲ್ಲ ಈಗ ಚಿತ್ರಚಿಕಿತ್ಸೆ ಎಂಬ ಹೆಸರಿದೆ ಎಂದು ಕೇಳಿದ್ದೇನೆ. ಆಗ ಡಾಕ್ಟರ್‌ಬಾಯಿ ಅದನ್ನು "ಚಾಚಾನ ತಾಸು" ಅನ್ನುತ್ತಿದ್ದರು. ಆ ತಾಸಿನಲ್ಲಿ ಯಾವ ಹುಡುಗನಿಗೂ ಸೂಜಿ ಚುಚ್ಚಬಾರದು ಎಂದು ನರ್ಸುಗಳಿಗೆ ಹೇಳಿದ್ದರು.

ತಮ್ಮನ ಚಿತ್ರಗಳಲ್ಲಿ ಯಾರಿಗೇ ಆಗಲಿ ಒಂದೇ ಕಣ್ಣು. ಕಾಗೆಗೆ, ಟಾಂಗಾದ ಕುದುರೆಗೆ, ನನಗೆ, ಎಲ್ಲರಿಗೂ. ಡಾಕ್ಟರ್‌ಬಾಯಿ ಅವನು ಬರೆದ ತಮ್ಮದೇ ಚಿತ್ರ ಕೈಯಲ್ಲಿ ಹಿಡಿದು, "ನನ್ನ ಇನ್ನೊಂದು ಕಣ್ಣ ಎಲ್ಲೋ?" ಎಂದು ಕೇಳಿದರು.

"ಒಳಗ ಮಲಕೊಂಡೈತ್ರಿ. ಎಬ್ಬಸಬ್ಯಾಡ್ರಿ."

ಅವರು ಆ ಚಿತ್ರವನ್ನು ತಮ್ಮ ಕುರ್ಚಿಯ ಹಿಂದೆ ಮೊಳೆ ಹೊಡೆದು ತೂಗುಹಾಕಿದರು.

ಒಂದು ದಿನ ಮಾತ್ರ ಅವನು ತನ್ನದೇ ಚಿತ್ರ ಬರೆದು, ಎರಡೂ ಕಣ್ಣಿನ ಜಾಗಕ್ಕೆ ಮಸಿ ಬಳಿದ. ಕಾಗದ ಒಣಗಿದ ಮೇಲೆ ಚಾಚಾ ಅದನ್ನು ಡಾಕ್ಟರ್‌ಬಾಯಿಯ ಕೈಗಿಟ್ಟ. ಅವರು ಬಂದು ಅವನ ಎದುರು ಕುಳಿತು, ಬ್ಯಾಟರಿ ಹಾಕಿ ಬಲಗಣ್ಣನ್ನು ಬಹಳ ಹೊತ್ತು ನೋಡಿದರು. "ಇದನ್ನ ನಾ ತಗಿಯೂದಿಲ್ಲ. ಇದು ಗಟ್ಟಿ ಐತಿ. ದಿನಾ ನೋಡಿ ದಿನಾ ಹೇಳತೇನಿ," ಎಂದರು. ಅವನಿಗೆ ಆ ಹೆದರಿಕೆ ಇತ್ತೆಂದು ನನಗೆ ತಿಳಿದದ್ದು ಆಗಲೇ. ಅವನು ಅವತ್ತು ಎರಡು ರೊಟ್ಟಿ ತಿಂದ. ಅವನ ಹೆದರಿಕೆ ಇಳಿಯಿತು, ನನ್ನದು ಹತ್ತಿತು. ಇನ್ನೊಂದು ಕಣ್ಣೂ ಹೋಗಬಹುದು ಎಂಬ ವಿಚಾರವೇ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಪ್ಪ ಹೊಲದ ಎರೆಮಣ್ಣನ್ನು ಹಸಿ ಮಾಡಿ ಅರಿವೆಯಲ್ಲಿ ಕಟ್ಟಿ ತಂದುಕೊಟ್ಟ. ತಮ್ಮ ಕಾಟಿನ ಮೇಲೆ ಕುಳಿತು ಒಂದು ಜೋಡಿ ಎತ್ತು ಮಾಡಿದ. ಚಾಚಾ ಕೋಡಿಗೆ ಬಣ್ಣ ಕೊಟ್ಟ, ಮೊಮ್ಮಗಳು ಕಣ್ಣಿಗೆಂದು ಗುಲಗಂಜಿ ಆರಿಸಿ ಕೊಟ್ಟಳು. ಎರಡೂ ಎತ್ತುಗಳಿಗೆ ತಮ್ಮ ಬಲಗಡೆ ಒಂದೊಂದೇ ಗುಲಗಂಜಿ ಒತ್ತಿದ. ಹಬ್ಬಕ್ಕೆ ಅವ್ವ ಕೂಸಿನೊಂದಿಗೆ ದವಾಖಾನೆಗೆ ಬಂದಳು, ನಾನು ಊರಿಗೆ ಹೊರಟೆ.

"ಅಕ್ಕಾ, ಇವನ್ನ ದೇವರ ಜಗಲಿ ಮ್ಯಾಲ ಇಡಬೇಕ ನೋಡು. ಆಯಿಗೆ ಪೂಜಿ ಮಾಡಂತ ಹೇಳು. ಹಳ್ಳಕ್ಕ ಬಿಡಬ್ಯಾಡ, ಹೊಳ್ಳಿ ತಾ."

"ತರತೇನೋ, ಎತ್ತಿನ ಗೌಡ."

ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದ ಹೆಂಗಸು ಬಗ್ಗಿ ನೋಡಿದಳು.

"ಯವ್ವಾ, ಕುರಡ ಎತ್ತೇನ ಇವು? ಭಿನ್ನ ಆದದ್ದನ್ನ ಯಾರರೆ ಪೂಜಿಗೆ ಇಡತಾರೇನ ಬೇ? ಇಟ್ಟವರ ಮನಿಗೆ ಅದ ಗತಿ ಬರತೈತಿ."

ಅವಳು ಇಳಿದು ಹೋದಳು. ಅವಳ ಮಾತು ಇಳಿಯಲಿಲ್ಲ. ಹೊಲದಲ್ಲಿ ಕೋಡು ಮುರಿದ ಎತ್ತನ್ನು ಅಪ್ಪ ಎಷ್ಟೋ ವರ್ಷ ಹೂಡಿದ್ದ, ಕಾರಹುಣ್ಣಿಮೆಗೆ ಅದಕ್ಕೂ ಆರತಿ ಆಗುತ್ತಿತ್ತು. ಅದು ನನಗೆ ನೆನಪಾಗಲೇ ಇಲ್ಲ. ಮನೆ ಮುಟ್ಟಿದವಳೇ ಹಿತ್ತಲಿಗೆ ಹೋಗಿ ಎತ್ತುಗಳ ಎಡಗೆನ್ನೆಗೆ ನೀರು ಹಚ್ಚಿ ಮೆದು ಮಾಡಿ, ಒಂದೊಂದು ಗುಲಗಂಜಿ ಒತ್ತಿದೆ. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹುಡುಗ ಒಂದ ಕಣ್ಣಿಟ್ಟು ಮಾಡ್ಯಾನೇನ?" ಎಂದಳು. "ಹೂಂ," ಎಂದೆ. ಅವಳು ಜಗಲಿ ಸಾರಿಸಿ, ಎತ್ತುಗಳ ಮುಂದೆ ಮೇವು ಹಾಕುವ ಮಣ್ಣಿನ ಗ್ವಾದಲಿ ಇಟ್ಟು, ಹೋಳಿಗೆ ಎಡೆ ಮಾಡಿದಳು.

ಮರುದಿನ ಎತ್ತುಗಳನ್ನು ತಮ್ಮನ ಕೈಗೆ ಕೊಟ್ಟೆ. ಅವನು ಅವನ್ನು ಬಲಕ್ಕೆ ತಿರುಗಿಸಿ ನೋಡಿದ, ಎಡಕ್ಕೆ ತಿರುಗಿಸಿ ನೋಡಿದ.

"ಇವು ನನ್ನವಲ್ಲ."

"ನಿನ್ನವ ಅದಾವು."

"ಮತ್ತ ಈ ಕಣ್ಣ ಯಾರ ಹಚ್ಯಾರ?"

ಅಲ್ಲಿ ಚಾಚಾ ಇದ್ದ, ಅವ್ವ ಇದ್ದಳು, ಆ ಹುಡುಗಿ ಇದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. "ಆಯಿ ಹಚ್ಯಾಳ," ಎಂದೆ.

ಅವನು ಒಂದು ಮೊಳೆ ತೆಗೆದುಕೊಂಡು ಆ ಗುಲಗಂಜಿಗಳನ್ನು ಕಿತ್ತ. ಒಣಗಿದ ಮಣ್ಣು, ಎತ್ತಿನ ಕೆನ್ನೆಯೂ ಜೊತೆಗೆ ಬಂತು. ಮತ್ತೆ ಗೋಡೆಯ ಕಡೆ ತಿರುಗಿದ. ಆ ವಾರವೆಲ್ಲ ಚಾಚಾನ ತಾಸಿನಲ್ಲಿ ಅವನ ಬ್ರಶ್ಶು ಒಣಗಿಯೇ ಇತ್ತು. ಕೊನೆಗೆ ಚಾಚಾ ಒದ್ದೆ ಅರಿವೆ ಸುತ್ತಿ ಮುರಿದ ಎತ್ತುಗಳನ್ನು ಮೆದು ಮಾಡಿಕೊಟ್ಟ. "ಬೋರ್ಡ ಕೆಟ್ರ ನಾವು ಅಂಗಡಿ ಬಂದ್ ಮಾಡತೀವೇನ? ಒರಸತೀವಿ, ಮತ್ತ ಬರೀತೀವಿ," ಎಂದ. ತಮ್ಮ ಎತ್ತುಗಳ ಮುಖ ತಿದ್ದಿದ. ಬಲಗಡೆ ಒಂದು ಕಣ್ಣು. ಎರಡು ದಿನದಲ್ಲಿ ಬಬಲೇಶ್ವರದ ಹುಡುಗನ ಜೊತೆ ಬದನೆಕಾಯಿ ಚಿತ್ರಕ್ಕೆ ಜಗಳವೂ ಶುರುವಾಯಿತು.

ದವಾಖಾನೆಯಿಂದ ಮನೆಗೆ ಬಂದವನು ಹೊಸ್ತಿಲು ದಾಟುವ ಮೊದಲೇ ಆಯಿಯನ್ನು ತಡೆದು ನಿಲ್ಲಿಸಿದ. "ನನ್ನ ಎತ್ತಿಗೆ ಎರಡ ಕಣ್ಣ ಯಾಕ ಹಚ್ಚಿದಿ?"

ಆಯಿ ನನ್ನ ಕಡೆ ನೋಡಿದಳು. ನಾನು ನೀರಿನ ಕೊಡ ಎತ್ತಿಕೊಳ್ಳುವವಳ ಹಾಗೆ ಬಗ್ಗಿದೆ.

"ಏನ ಮಾಡ್ಲೋ ಯಪ್ಪಾ, ಮುದುಕಿ ಕಣ್ಣ ಮಬ್ಬ. ಒಂದಿದ್ದದ್ದ ಎರಡ ಕಂಡ್ವು," ಎಂದಳು. ತಮ್ಮ ನಕ್ಕುಬಿಟ್ಟ. ಆಯಿಯೂ ನಕ್ಕಳು. ನನ್ನನ್ನು ಆಮೇಲೂ ಅವಳು ಒಂದು ಮಾತು ಕೇಳಲಿಲ್ಲ.

ಚಾಚಾನ ಮೊಮ್ಮಗಳು ಮುಂದಿನ ಬೇಸಿಗೆಯವರೆಗೆ ಉಳಿಯಲಿಲ್ಲ. ಅವಳು ವಾರ್ಡಿನಲ್ಲಿ ಬರೆದಿದ್ದ ರೆಕ್ಕೆಯ ಟಾಂಗಾವನ್ನು ಚಾಚಾ ತನ್ನ ಅಂಗಡಿಯ ಬಾಗಿಲ ಮೇಲೆ ದೊಡ್ಡದಾಗಿ ಬರೆದ. ಮಧ್ಯಾಹ್ನ ವಾರ್ಡಿಗೆ ಹೋಗುವುದನ್ನು ಅವನು ಬಿಡಲಿಲ್ಲ. ತಮ್ಮ ಉಳಿದ, ಬೆಳೆದ, ಸಾಲಿ ಮುಗಿಸಿ ಅದೇ ಅಂಗಡಿಯಲ್ಲಿ ಬೋರ್ಡು ಬರೆಯಲು ನಿಂತ. ಅವನ ಗೆರೆ ನೆಟ್ಟಗೆ ಇರುತ್ತದೆಂದು ಪೇಟೆಯವರು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ನನ್ನನ್ನು ಬಬಲೇಶ್ವರಕ್ಕೆ ಕೊಟ್ಟರು. ಆಯಿ ತೀರಿಕೊಂಡಳು. ಅವಳಿಗೆ ಹೇಳುವ ಮಾತು ನನ್ನ ಹತ್ತಿರವೇ ಉಳಿಯಿತು.

ಅವಳು ಹೋದ ಮರುವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ತಮ್ಮ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು ನನ್ನ ನಾಲ್ಕು ವರ್ಷದ ಮಗಳಿಗೆ ಎತ್ತು ಮಾಡುವುದನ್ನು ಕಲಿಸತೊಡಗಿದ. ಅವಳು ಒಂದು ಕಣ್ಣು ಒತ್ತಿ ಇನ್ನೊಂದು ಗುಲಗಂಜಿಗೆ ಕೈ ಚಾಚಿದಳು.

"ತಡಿ ಬೇ," ಎಂದ ತಮ್ಮ. "ನಿಮ್ಮ ಮುತ್ಯಾನ ಅವ್ವ ಇದ್ಲಲ್ಲ, ನಮ್ಮ ಆಯಿ, ಆ ಮುದುಕಿಗೆ ಒಂದು ಅನ್ನೂದು ಎರಡ ಕಾಣತಿತ್ತು. ನನ್ನ ಎತ್ತೆಲ್ಲಾ ಕೆಡಸಿಬಿಟ್ಟಿದ್ಲು."

ಮಗಳು ಕಿಲಕಿಲ ನಕ್ಕಳು. ಅವನೂ ನಕ್ಕ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನನ್ನ ಬದಲು ಆಯಿ ಇನ್ನೂ ನಗೆಗೀಡಾಗುತ್ತಿದ್ದಳು, ಈಗ ಅವಳನ್ನು ನೋಡಿ ನೆನಪೂ ಇಲ್ಲದ ಕೂಸಿನ ಎದುರು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವನ ಮುಂದೆ ಕುಳಿತೆ.

"ಆಯಿ ಅಲ್ಲೋ ಅದು. ನಾ ಹಚ್ಚಿದ್ನಿ, ಹಿತ್ತಲದಾಗ ಕುಂತು. ನಿನ್ನ ಇನ್ನೊಂದು ಕಣ್ಣೂ ಹೋಗತೈತಿ ಅಂತ ಹೆದರಿ ಹಚ್ಚಿದ್ನಿ. ನೀ ಕೇಳಿದಾಗ ನನಗ ಧೈರ್ಯ ಆಗಲಿಲ್ಲ, ಆಕಿ ಹೆಸರ ಹೇಳಿದ್ನಿ. ಆಕಿ ನನ್ನ ಸಲುವಾಗಿ ಹೊತ್ತಗೊಂಡ್ಳು. ಆಕಿಗಂತೂ ಹೇಳಲಿಲ್ಲ, ನಿನಗ ಹೇಳತೇನಿ. ನಿನ್ನ ಎತ್ತ ಛಲೋ ಇದ್ವು. ನಾ ಕೆಡಿಸಿದ್ನಿ. ತಪ್ಪಾತಪಾ, ತಮ್ಮಾ."