ಮೊದಲು ಬಲೆ, ಆಮೇಲೆ ಗಡಿ

೨೦೨೨ರಲ್ಲಿ ನಾನು ಹೊನ್ನಾವರದ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದೇನಲ್ಲ, ವಿಭಾಗದಲ್ಲಿ ಇದ್ದದ್ದೇ ನಾನೊಬ್ಬಳು. ಕುಮಟಾದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಿ.ಎ. ಎರಡನೆಯ ವರ್ಷದಿಂದ ಕಲಿಯಬಹುದಾದ ‘ಇಂಟರ್‌ನ್ಯಾಷನಲ್ ರಿಲೇಶನ್ಸ್’, ಅಂದರೆ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಐಚ್ಛಿಕ ವಿಷಯವನ್ನು ಹಟ ಹಿಡಿದು ತಂದವಳೂ ನಾನೇ. ಆ ವರ್ಷ ಅದನ್ನು ಆಯ್ದುಕೊಂಡವರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಇಷ್ಟು ಮಂದಿಗೆ ಒಂದು ವಿಷಯ ಯಾಕೆ, ಮುಂದಿನ ವರ್ಷದಿಂದ ಮುಚ್ಚೋಣ ಎಂದು ಆಡಳಿತ ಮಂಡಳಿ ಮಾತಾಡತೊಡಗಿತ್ತು.

ಮುಚ್ಚಿದರೆ ಎಲ್ಲರಿಗಿಂತ ಹೆಚ್ಚು ಪೆಟ್ಟು ಬೀಳುತ್ತಿದ್ದದ್ದು ನಾಗವೇಣಿಗೆ. ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯ ಹುಡುಗಿ. ಇದೇ ವಿಷಯದಲ್ಲಿ ಎಂ.ಎ. ಮಾಡಬೇಕೆಂಬ ಆಸೆ ಅವಳದ್ದು. ಅವಳ ತಂದೆ ದುರ್ಗಯ್ಯ ಮೀನುಗಾರರು. ಒಮ್ಮೆ ಕಾಲೇಜಿಗೇ ಬಂದು, “ಮೇಡಂ, ಬೇರೆ ದೇಶದ ಸುದ್ದಿ ಕಟ್ಕಂಡು ಇವ್ಳಿಗೆ ಎಂತ ಆಗ್ಬೇಕು?” ಎಂದು ಕೇಳಿದ್ದರು. ವಿಷಯ ಉಳಿದರೆ ಓದಲಿ, ಹೋದರೆ ಬಿ.ಎ. ಒಂದನ್ನು ಮುಗಿಸಿದರೆ ಸಾಕು, ಎಂ.ಎ. ಮಾತು ಬೇಡ ಎಂಬುದು ಅವರ ತೀರ್ಮಾನ.

ಅಷ್ಟರಲ್ಲಿ ಧಾರವಾಡದ ಕಾಲೇಜೊಂದರಿಂದ ‘ಮಾಕ್ ನೆಗೋಶಿಯೇಶನ್’ ಸ್ಪರ್ಧೆಯ ಆಹ್ವಾನ ಬಂತು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದೊಂದು ಕಲ್ಪಿತ ದೇಶದ ಪರವಾಗಿ ಕೂತು ಸಂಧಾನ ನಡೆಸುವ ಆಟ ಅದು. ಪ್ರಿನ್ಸಿಪಾಲರು ಒಳ್ಳೆಯವರೇ, ಆದರೆ ಪುರಾವೆಯಿಲ್ಲದೆ ಬಾಯಿ ತೆರೆಯುವವರಲ್ಲ. ಗೆದ್ದು ಬಂದರೆ ಆಡಳಿತ ಮಂಡಳಿಯ ಮುಂದೆ ವಿಷಯದ ಪರ ನಿಲ್ಲುತ್ತೇನೆ ಎಂದರು.

ನಾಗವೇಣಿಯ ಜೊತೆಗೆ ಸಫೂರಾಳನ್ನು ಆರಿಸಿದೆ. ಭಟ್ಕಳ ಪೇಟೆಯ ನವಾಯತ ಮುಸ್ಲಿಂ ಮನೆಯವಳು, ಚಿಕ್ಕಪ್ಪಂದಿರೆಲ್ಲ ದುಬೈಯಲ್ಲಿ. ಅಲ್ಲಿ ವೀಸಾ ನಿಯಮ ಬದಲಾದರೆ ಇವರ ಮನೆಯ ಮದುವೆಯ ದಿನ ಬದಲಾಗುತ್ತಿತ್ತು. ವಿದೇಶಾಂಗ ನೀತಿ ಏಕೆ ಬೇಕೆಂದು ಅವಳಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಇಬ್ಬರಿಗೂ ಕ್ರಮ ಕಲಿಸಿದೆ: ಮೊದಲು ಸಾವರಿನಿಟಿ, ಅಂದರೆ ನೆಲ-ನೀರಿನ ಮೇಲೆ ದೇಶದ ಪರಮಾಧಿಕಾರ, ನಂತರ ಕಾನೂನು, ಕೊನೆಗೆ ಜನ. ಪಠ್ಯಪುಸ್ತಕಗಳ ಕ್ರಮವೂ ಅದೇ.

ಧಾರವಾಡದಲ್ಲಿ ಎಲ್ಲ ಮೇಜುಗಳಿಗೂ ಕೊಟ್ಟ ಪ್ರಶ್ನೆ ಒಂದೇ. ವಿವಾದಿತ ಕಡಲಿನಲ್ಲಿ ಮೀನು ಹಿಡಿಯುತ್ತಿದ್ದವರನ್ನು ನೆರೆಯ ದೇಶ ಬಂಧಿಸಿದೆ, ಗಂಟೆ ಬಾರಿಸುವುದರೊಳಗೆ ಎರಡೂ ದೇಶಗಳು ಒಪ್ಪಂದಕ್ಕೆ ಬರಬೇಕು. ನಮ್ಮವರದ್ದು ಬಂಧಿತರ ದೇಶ. ಎದುರಿಗೆ ಬೆಂಗಳೂರಿನ ಇಬ್ಬರು ಮಾತಿನ ಮಲ್ಲರು. ಅಧ್ಯಾಪಕರು ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚದೆ ಕೂರಬೇಕೆಂಬುದು ನಿಯಮ. ನನಗೆ ಅದು ಸುಲಭದ ಶಿಕ್ಷೆಯಲ್ಲ.

ಅರ್ಧ ಹೊತ್ತು ಗಡಿಯ ಜಗಳದಲ್ಲೇ ಕಳೆಯಿತು. ಇವರು ನಮ್ಮ ನೀರು ಎಂದರೆ ಅವರೂ ನಮ್ಮ ನೀರು ಎಂದರು. ಆಗ ನಾಗವೇಣಿ ನಾನು ಬರೆಸಿದ್ದ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟಳು.

“ಗಡಿ ಯಾರದ್ದು ಅಂತ ಇವತ್ತು ಇಲ್ಲಿ ತೀರ್ಮಾನ ಆಗುದಿಲ್ಲ,” ಎಂದಳು, ಅಭ್ಯಾಸ ಮಾಡಿಸಿದ್ದ ಗ್ರಾಂಥಿಕ ಭಾಷೆಯನ್ನೂ ಬಿಟ್ಟು. “ನಮ್ಮ ಬದಿಗೆ ಎರಡು ದೋಣಿಯ ಬಲೆ ಒಂದಕ್ಕೊಂದು ಸಿಕ್ಕಾಕಂಡ್ರೆ ಯಾರೂ ಕತ್ತಿ ತೆಗೆಯುದಿಲ್ಲ. ಇಬ್ಬರೂ ಸೇರಿ ಎಳ್ದು ಬಿಡಿಸ್ತಾರೆ. ಯಾರ ತಪ್ಪು ಅಂತ ಜಗಳ ದಡಕ್ಕೆ ಬಂದ ಮೇಲೆ. ನಾವೂ ಮೊದ್ಲು ಜನರನ್ನ ಬಿಡಿಸುವ.”

ಎದುರಿನ ಹುಡುಗ ಬುದ್ಧಿವಂತ. ಬಿಡುಗಡೆ ಮಾಡಿದರೆ ಆ ನೀರಿನ ಮೇಲೆ ತಮ್ಮ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ ಎಂದು ಕೇಳಿದ. ಸಫೂರಾ ಅದಕ್ಕೇ ಕಾದವಳಂತೆ ‘ವಿತೌಟ್ ಪ್ರಿಜುಡೀಸ್’ ಷರತ್ತನ್ನು ಮುಂದಿಟ್ಟಳು. ಈ ಒಪ್ಪಂದದಿಂದ ಯಾವ ದೇಶದ ಹಕ್ಕಿಗೂ ಧಕ್ಕೆಯಿಲ್ಲ ಎಂದು ಮೊದಲೇ ಬರೆದುಕೊಳ್ಳುವುದು ಅದರ ಅರ್ಥ. ನನ್ನ ಪಾಠದಲ್ಲಿ ಎಲ್ಲೋ ಮೂಲೆಯಲ್ಲಿ ಬಂದುಹೋಗಿದ್ದ ಮಾತು. ಆ ಇಬ್ಬರು ಪಿಸುಗುಟ್ಟಿದರು, ತಲೆಯಾಡಿಸಿದರು, ಸಹಿ ಹಾಕಿದರು. ಗಂಟೆ ಬಾರಿಸಿದಾಗ ಉಳಿದ ಮೇಜುಗಳಲ್ಲಿ ಇನ್ನೂ ಗಡಿಯೇ ನಡೆದಿತ್ತು.

ತೀರ್ಪುಗಾರರು ನಿವೃತ್ತ ರಾಜತಾಂತ್ರಿಕರು. ಇಡೀ ಸಭಾಂಗಣದಲ್ಲಿ ಬಂಧಿತರು ಮನೆ ಸೇರಿದ್ದು ಒಂದೇ ಮೇಜಿನಿಂದ ಎಂದು ಹೇಳಿ, ಈ ಉಪಾಯ ಯಾವ ದೇಶದ ಸಂಧಾನದಿಂದ ಕಲಿತದ್ದು ಎಂದು ಕೇಳಿದರು.

“ತೆಂಗಿನಗುಂಡಿಯಿಂದ, ಸರ್,” ಎಂದಳು ನಾಗವೇಣಿ.

ಮೊದಲ ಬಹುಮಾನ ನಮ್ಮದಾಯಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಿಯಮ ಮುರಿದೆನೋ ಏನೋ, ಆ ಹೊತ್ತಿಗೆ ಯಾರಿಗೆ ಬೇಕಿತ್ತು ಅದು? ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ಭಟ್ಕಳದ ಬಸ್‌ಸ್ಟ್ಯಾಂಡಿಗೆ ದುರ್ಗಯ್ಯ ಬಂದಿದ್ದರು. ಮಗಳನ್ನು ಅವರ ಕೈಗೆ ಒಪ್ಪಿಸಿಯೇ ಹೋಗುವುದೆಂದು ನಾನೂ ಅಲ್ಲಿಯವರೆಗೆ ಹೋಗಿದ್ದೆ. ನಡೆದದ್ದನ್ನೆಲ್ಲ ಕೇಳಿ ಅವರು ಪಾರಿತೋಷಕವನ್ನು ತಿರುಗಿಸಿ ನೋಡಿದರು. “ನಾವು ಕಡಲಲ್ಲಿ ಮಾಡುದಕ್ಕೂ ಪುಸ್ತಕದಲ್ಲಿ ಹೆಸ್ರು ಉಂಟಾ ಮೇಡಂ?” ಎಂದು ಕೇಳಿದರು. ಉಂಟು ಎಂದೆ. ಸಫೂರಾ ‘ವಿತೌಟ್ ಪ್ರಿಜುಡೀಸ್’ ಎಂದು ಹೇಳಿಕೊಟ್ಟಳು, ಅವರು ಒಮ್ಮೆ ಅಂದು ನೋಡಿ ನಕ್ಕರು. ಆಮೇಲೆ ಮಗಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು, “ಆತು, ಎಂ.ಎ.ನೂ ಮಾಡ್ಲಿ,” ಎಂದರು.

ಪ್ರಿನ್ಸಿಪಾಲರು ಮಾತು ಉಳಿಸಿಕೊಂಡರು, ವಿಷಯ ಉಳಿಯಿತು. ನಾಗವೇಣಿ ಎಂ.ಎ. ಸೇರಿದಳು. ದೇಶದಿಂದ ಶುರುಮಾಡಿ ಜನರಿಗೆ ಬರುವ ಬದಲು ಜನರಿಂದ ಶುರುಮಾಡಿ ದೇಶಕ್ಕೆ ಹೋಗಬಹುದು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ನಿವೃತ್ತಿಯ ವರ್ಷ ಮೊದಲ ತರಗತಿಯಲ್ಲಿ ನಾನು ಸಾವರಿನಿಟಿ ಎಂದು ಬೋರ್ಡಿನ ಮೇಲೆ ಬರೆಯಲಿಲ್ಲ. ಬಲೆ ಸಿಕ್ಕಾದದ್ದನ್ನು ಯಾರು ಯಾರು ನೋಡಿದ್ದೀರಿ ಎಂದು ಕೇಳಿದೆ. ಆ ವರ್ಷ ತುಂಬಿದ್ದ ನಾಲ್ಕು ಬೆಂಚುಗಳಲ್ಲೂ ಕೈಗಳು ಎದ್ದವು.